ಲಕ್ಕಿ ಸೊಪ್ಪಿನ ಕೈಗುಣ

೨೦೨೫ರ ಆಗಸ್ಟ್ ೧೭, ಭಾನುವಾರ. ಸಾರಕ್ಕಿ ಸಿಗ್ನಲ್‌ನಿಂದ ಕೂಗಳತೆ ದೂರದ ಠಾಣೆಗೆ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಬಂದ ಹೆಣ್ಣುಮಗಳೊಬ್ಬಳು ಇನ್‌ಸ್ಪೆಕ್ಟರ್ ರಾಜಶ್ರೀಯ ಮೇಜಿನ ಮೇಲೆ ಒಂದು ಹಸಿರು ಕಾರ್ಡು ಇಟ್ಟಳು.

“ನಮ್ಮಮ್ಮನ ಮೇಲೆ ಔಷಧಿ ಪರೀಕ್ಷೆ ಮಾಡ್ತಿದ್ರು ಮೇಡಂ. ಬೆಳಿಗ್ಗೆ ಆರಕ್ಕೆ ತೀರ್ಕೊಂಡ್ರು.”

ಹೆಸರು ದಿವ್ಯ. ವಯಸ್ಸು ಇಪ್ಪತ್ತೇಳು. ಬಿಟಿಎಂನ ಒಂದು ಮೆಡಿಕಲ್ ಸ್ಟೋರಿನಲ್ಲಿ ಕೆಲಸ. ತಾಯಿ ಸಪ್ಪಲಮ್ಮ, ಅರವತ್ತೆರಡು, ಸಾರಕ್ಕಿ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುತ್ತಿದ್ದವರು. ಮೊಣಕಾಲು ಹಿಡಿದುಕೊಂಡ ಮೇಲೆ ಸೊಪ್ಪಿನ ಬುಟ್ಟಿಯ ಮುಂದೆ ಕೂತರೆ ಏಳಿಸಲು ಇಬ್ಬರು ಬೇಕಾಗುತ್ತಿತ್ತು.

“ಯಾವ ಔಷಧಿ?”

“ಲಕ್ಕಿ ಸೊಪ್ಪಿನ ಕಷಾಯ. ಕೀಲುನೋವಿಗೆ. ಜಯನಗರದ ಸಂಧಿಮಿತ್ರ ಸಂಶೋಧನಾ ಕೇಂದ್ರದೋರು ಮೇ ತಿಂಗಳಿಂದ ಕೊಡ್ತಿದ್ರು.”

“ಏನಾಯ್ತು?”

“ನಿನ್ನೆ ಶ್ರಾವಣ ಶನಿವಾರ, ಅಮ್ಮ ಉಪವಾಸ. ಬರೀ ಹೊಟ್ಟೇಲೇ ಅದನ್ನ ಕುಡಿದ್ರು. ಸಂಜೆ ಹೊಟ್ಟೆನೋವು ಅಂದ್ರು. ಬೆಳಗಿನ ಜಾವ ರಕ್ತ ಕಾರ್ಕೊಂಡ್ರು. ಆಸ್ಪತ್ರೆ ಬಾಗ್ಲಲ್ಲೇ ಹೋಗ್ಬಿಟ್ರು.” ದಿವ್ಯ ಅಳಲಿಲ್ಲ. “ಬಿಡು ಅಂತ ನಾನು ಜಗಳ ಆಡಿದ್ದೆ ಮೇಡಂ. ವಠಾರಕ್ಕೆಲ್ಲಾ ಕೇಳೋ ಹಂಗೆ.”

ಬಿಎನ್‌ಎಸ್‌ಎಸ್ ಕಲಂ ೧೯೪ರಡಿ ಅಸಹಜ ಸಾವು ಎಂದು ಪ್ರಕರಣ ದಾಖಲಾಯಿತು. ಹೆಡ್ ಕಾನ್‌ಸ್ಟೆಬಲ್ ಗೂಳಪ್ಪ ಕಾರ್ಡನ್ನು ಬೆಳಕಿಗೆ ಹಿಡಿದು, “ಲಕ್ಕಿ ಸೊಪ್ಪಂತೆ. ಲಕ್ ಒಂದು ಬಿಟ್ಟು ಉಳಿದಿದ್ದೆಲ್ಲಾ ಇತ್ತು ಅನ್ಸುತ್ತೆ,” ಎಂದ. ರಾಜಶ್ರೀ ತಲೆ ಎತ್ತಿ ನೋಡಿದ ಮೇಲೆ ಕಾರ್ಡನ್ನು ಮೆತ್ತಗೆ ಕವರಿಗೆ ಹಾಕಿದ. ಗೂಳಪ್ಪನಿಗೆ ಐವತ್ನಾಲ್ಕು. ಠಾಣೆಗೆ ಬಂದವರ ದನಿಯನ್ನೆಲ್ಲ ಅವರು ಮೆಟ್ಟಿಲಿಳಿಯುವುದರೊಳಗೆ ಕಲಿತುಬಿಡುತ್ತಿದ್ದ. ಎಸಿಪಿ ಸಾಹೇಬರ ದನಿಯಲ್ಲಿ ಅವನು ಕೂಗಿದರೆ ಸೆಂಟ್ರಿ ಈಗಲೂ ಎದ್ದು ಸೆಲ್ಯೂಟ್ ಹೊಡೆಯುತ್ತಿದ್ದ.

ಮಧ್ಯಾಹ್ನ ಎರಡೂವರೆಗೆ ಮನೆಯ ಪಂಚನಾಮೆ. ಒಂದೇ ಅಂಗಳಕ್ಕೆ ಬಾಗಿಲು ತೆರೆಯುವ ಆರು ಮನೆಗಳ ವಠಾರ. ನಡುವೆ ಒಂದು ಬಟ್ಟೆ ಒಗೆಯುವ ಕಲ್ಲು, ಅದರ ಮೇಲೆ ಬೋರಲು ಹಾಕಿದ ಒಂದು ತಾಮ್ರದ ಚೊಂಬು. ಅಡುಗೆ ಗೂಡಿನಲ್ಲಿ ನಲವತ್ತೊಂದು ಎಂದು ಬರೆದ ಕಂದು ಬಾಟಲಿ ಸಿಕ್ಕಿತು, ಮೂರರಲ್ಲೊಂದು ಪಾಲು ಉಳಿದಿತ್ತು. ಪಕ್ಕದಲ್ಲಿ ದಿವ್ಯ ತಂದಿಟ್ಟಿದ್ದ ಹೊಟ್ಟೆಯುರಿಯ ಮಾತ್ರೆಗಳು. ಗೋಡೆಯ ಮೇಲೆ ಹೋದ ತಿಂಗಳು ತೆಗೆಸಿದ ಫೋಟೊ. ಅದರಲ್ಲಿ ಸಪ್ಪಲಮ್ಮನ ಮುಖ ಹುಣ್ಣಿಮೆ ಚಂದ್ರನ ಹಾಗೆ ದುಂಡಗಿತ್ತು.

“ಅಮ್ಮ ಮೊದಲಿಂದ್ಲೂ ಹಿಂಗೇ ಇದ್ರಾ?”

“ಇಲ್ಲ ಮೇಡಂ. ಒಂದು ತಿಂಗಳಿಂದ ಮೈ ಹಿಡೀತು. ಔಷಧಿ ನಾಟಿದೆ ಅಂತ ಎಲ್ರೂ ಹೇಳೋರು.”

ಪಂಚರಾಗಿ ಸಹಿ ಹಾಕಿದವರಲ್ಲಿ ಎದುರು ಮನೆಯ ಕೆಂಚವ್ವ ಒಬ್ಬಳು. ಬಾದಾಮಿ ಕಡೆಯವಳು. ಐವತ್ತೆಂಟು ವಯಸ್ಸು, ಬಿಟಿಎಂನ ಪಿಜಿಯೊಂದರಲ್ಲಿ ರೊಟ್ಟಿ ಬಡಿಯುವ ಕೆಲಸ. ಹೆಬ್ಬೆಟ್ಟಿನ ಮಸಿ ಡಬ್ಬಿಯನ್ನು ಗೂಳಪ್ಪ ಮುಂದೆ ಹಿಡಿದಾಗ ಅವಳಿಗೆ ಸಿಟ್ಟು ಬಂತು.

“ಪೆನ್ ಕೊಡ್ರೀ. ಸಾಲಿ ಕಲತಾಕಿ ಅದೀನಿ. ಮೂರ್ ತಿಂಗಳ ಹಿಂದ ಬೆರಳ ಮಡಚಾಕ ಬರ್ತಿರಲಿಲ್ಲ, ಈಗ ಬರ್ತಾವ.”

ಕೆಂಚವ್ವ ಎಂಬ ಮೂರಕ್ಷರವನ್ನು ಅವಳು ಮುತ್ತಿನ ಹಾಗೆ ಬರೆದಳು. ಅವಳೂ ಅದೇ ಪರೀಕ್ಷೆಯ ಕಾರ್ಡುದಾರಳು, ನಂಬರ್ ನಲವತ್ತೆರಡು. ಮೇ ತಿಂಗಳಲ್ಲಿ ಗೆಳತಿಯರಿಬ್ಬರೂ ಒಂದೇ ಆಟೋದಲ್ಲಿ ಹೋಗಿ ಹೆಸರು ಬರೆಸಿದ್ದರು.

ಮರುದಿನದ ಮರಣೋತ್ತರ ವರದಿ ಹೀಗಿತ್ತು: ಜಠರದಲ್ಲಿ ಹುಣ್ಣು, ರಕ್ತಸ್ರಾವ. ಒಳಾಂಗಗಳೂ ಬಾಟಲಿಯೂ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋದವು.

ಆಗಸ್ಟ್ ೧೯, ಮಂಗಳವಾರ, ಹತ್ತು ಗಂಟೆ. ಸಂಧಿಮಿತ್ರದ ಬೋರ್ಡಿನ ಕೆಳಗೆ ಜೀಪು ನಿಂತಾಗ ಗೂಳಪ್ಪ ತನ್ನ ಹೈಸ್ಕೂಲು ಮೇಷ್ಟ್ರ ಮೂಗಿನ ದನಿ ತೆಗೆದ. “ಸಂಧಿಗಳು ಮೂರು. ಲೋಪ, ಆಗಮ, ಆದೇಶ. ಸಾಹೇಬ್ರ ಆದೇಶ ಆಯ್ತು, ನಮ್ಮ ಆಗಮನವೂ ಆಯ್ತು. ಇನ್ನು ಲೋಪ ಎಲ್ಲಿದೆ ಹುಡುಕಬೇಕಪ್ಪಾ.”

“ಒಳಗೆ ಬಾಯಿ ಬಿಡಬೇಡ್ರಿ,” ಎಂದಳು ರಾಜಶ್ರೀ.

ಕೇಂದ್ರದ ಮುಖ್ಯಸ್ಥೆ ಡಾ. ಸಮನ್ವಿತಾ ಅಳೆದು ತೂಗಿ ಮಾತಾಡುವ ಹೆಂಗಸು. ಕೀಲುನೋವಿನ ನೂರಿಪ್ಪತ್ತು ಜನ. ಅರವತ್ತು ಮಂದಿಗೆ ಲಕ್ಕಿ ಸೊಪ್ಪಿನ ಸಾರ. ಉಳಿದ ಅರವತ್ತು ಮಂದಿಗೆ ನೋಡಲು, ನೆಕ್ಕಲು ಹಾಗೇ ಇರುವ ಹುಸಿ ಔಷಧಿ, ಸುಟ್ಟ ಸಕ್ಕರೆ ಮತ್ತು ಕಹಿಗೆ ನೆಲಬೇವು. ಯಾರಿಗೆ ಯಾವುದು ಅಂತ ಕುಡಿಯುವವರಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. ಎರಡು ಗುಂಪಿಗೂ ವ್ಯತ್ಯಾಸ ಕಂಡರೆ ಮಾತ್ರ ಗಿಡಕ್ಕೆ ಗುಣವಿದೆ ಎಂದರ್ಥ.

“ಸಪ್ಪಲಮ್ಮನಿಗೆ ಯಾವುದು?”

ಮೊಹರು ಮಾಡಿದ ಲಕೋಟೆಯನ್ನು ಪಂಚರ ಎದುರಲ್ಲಿ ಒಡೆದರು. ನಲವತ್ತೊಂದು: ಹುಸಿ.

“ನಮ್ಮ ಔಷಧಿ ಆಕೆಯ ನಾಲಿಗೆಗೇ ಸೋಕಿಲ್ಲ ಇನ್‌ಸ್ಪೆಕ್ಟರ್,” ಎಂದರು ಸಮನ್ವಿತಾ. “ಹಾಗಾಗಿ ಪರೀಕ್ಷೆ ನಿಲ್ಲಿಸೋ ಕಾರಣ ನನಗೆ ಕಾಣಿಸ್ತಿಲ್ಲ.”

ಹೊರಗೆ ಔಷಧಿ ಕೊಡುವ ಕಿಟಕಿಯ ಹಿಂದೆ ಮೂವತ್ತೆಂಟರ ಸುಶ್ರುತ ಕೂತಿದ್ದ. ವಸಂತಪುರದ ಘಟಕದಲ್ಲಿ ಸೊಪ್ಪಿನ ಸಾರ ಇಳಿಸುವವನೂ ಅವನೇ, ವಾರಕ್ಕೆರಡು ದಿನ ಇಲ್ಲಿ ಕೂತು ಹಂಚುವವನೂ ಅವನೇ. ಅವನ ತಲೆಯ ಮೇಲೆ ಗಂಧದ ಹಾರ ಹಾಕಿದ ಫೋಟೊ. ಅದನ್ನು ನೋಡಿದ್ದೇ ಗೂಳಪ್ಪ ಕೈ ಮುಗಿದ.

“ಚಿಕ್ಕಲಸಂದ್ರದ ವೆಂಕಟಾಚಲ ಪಂಡಿತರು ಮೇಡಂ. ನಮ್ಮಮ್ಮನ್ನ ಹೊತ್ಕೊಂಡು ಹೋಗಿದ್ದೆ, ನಡೆಸ್ಕೊಂಡು ಬಂದೆ. ಆರು ವರ್ಷ ಅವರ ಕಷಾಯವೇ. ಆಮೇಲೆ ಹೊಟ್ಟೇದೇನೋ ಆಗಿ ಹೋದ್ರು, ಆದ್ರೆ ಕೊನೇವರೆಗೂ ಕಾಲು ಗಟ್ಟಿ.” ಬಾಯಿ ಬಿಡಬಾರದೆಂಬ ಆಜ್ಞೆ ಮರೆತೇಹೋಗಿತ್ತು. ಗಂಟಲು ಒಡೆದ ಮುದಿ ದನಿ ತೆಗೆದು, “ತಾಯೀ, ಕೈ ನಂದು, ಗುಣ ಗಿಡದ್ದು,” ಎಂದ.

ಸುಶ್ರುತ ನಕ್ಕ. “ಅಪ್ಪನೇ ಬಂದಂಗಾಯ್ತು ಸಾರ್.” ನಗು ಮುಗಿಯುವ ಮೊದಲೇ ಅವನು ಬಾಟಲಿಗಳ ಕಡೆ ತಿರುಗಿಕೊಂಡಿದ್ದನ್ನು ರಾಜಶ್ರೀ ನೋಡಿದಳು. ಮಗನ ದುಃಖ ಅಂದುಕೊಂಡಳು. ಪರೀಕ್ಷೆಗೆ ಇಟ್ಟಿದ್ದು ಆ ಪಂಡಿತರ ಕಷಾಯವನ್ನೇ ಎಂದು ಆಮೇಲೆ ತಿಳಿಯಿತು.

ಸೆಪ್ಟೆಂಬರ್ ೪ರಂದು ಪ್ರಯೋಗಾಲಯದ ವರದಿ ಬಂತು. ಸಪ್ಪಲಮ್ಮನ ಒಳಾಂಗಗಳಲ್ಲಿ ಸ್ಟೀರಾಯ್ಡ್ ಮತ್ತು ನೋವಿನ ಮಾತ್ರೆಯ ಅಂಶ. ನಲವತ್ತೊಂದನೇ ಬಾಟಲಿಯಲ್ಲೂ ಅವೇ ಎರಡು. ಹುಸಿ ಔಷಧಿಯ ಬಾಟಲಿಗೆ ಮಾತ್ರೆ ಬಿದ್ದಿದೆ, ಬಾಟಲಿ ಇದ್ದದ್ದು ಮನೆಯಲ್ಲಿ, ಮನೆಯ ಮಗಳು ಕೆಲಸ ಮಾಡುವುದು ಮೆಡಿಕಲ್ ಸ್ಟೋರಿನಲ್ಲಿ. ಎಸಿಪಿ ಸಾಹೇಬರಿಗೆ ಮುಂದಿನದು ಒಂದನೇ ಕ್ಲಾಸಿನ ಕೂಡುವ ಲೆಕ್ಕ. ಬಿಎನ್‌ಎಸ್ ಕಲಂ ೧೦೫ರಡಿ, ಕೊಲೆಯಲ್ಲದ ನರಹತ್ಯೆ ಎಂದು, ಎಫ್‌ಐಆರ್ ಆಯಿತು. ಆರೋಪಿಯ ಜಾಗದಲ್ಲಿ ‘ಅಪರಿಚಿತ’ ಎಂದೇ ಬರೆಸಿದ ರಾಜಶ್ರೀಗೆ ಫೋನು ಬಂತು. ಫೋನಿಟ್ಟ ಮೇಲೆ ಸಾಹೇಬರು ಏನಂದರೆಂದು ಗೂಳಪ್ಪನೇ ಅವರ ದನಿಯಲ್ಲಿ ಊಹಿಸಿ ಹೇಳಿದ.

“ಏನಮ್ಮಾ ರಾಜಶ್ರೀ, ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲಾ ಹುಡುಕ್ತೀಯಲ್ಲಮ್ಮಾ. ಸೋಮವಾರದೊಳಗೆ ಆ ಹುಡುಗಿ ಒಳಗಿರ್ಬೇಕು.”

“ಇನ್ನೊಂದು ಮಾತು ಬಿಟ್ರಿ,” ಎಂದಳು ರಾಜಶ್ರೀ. “ಪತ್ರಿಕೆಯೋರು ಕೇಳ್ತಿದ್ದಾರೆ ಅಂದ್ರು.”

ದಿವ್ಯಳನ್ನು ಎರಡು ಗಂಟೆ ಕೂರಿಸಿ ಕೇಳಿದರು.

“ಅಮ್ಮನಿಗೆ ನೋವಿನ ಮಾತ್ರೆ ತಂದ್ಕೊಟ್ಟಿದ್ಯಾ?”

“ಇಲ್ಲ.”

“ಗೊತ್ತಿಲ್ಲದ ಹಾಗೆ ಕಷಾಯಕ್ಕೆ ಹಾಕಿದ್ಯಾ? ನೋವು ಕಮ್ಮಿ ಆಗ್ಲಿ ಅಂತ?”

“ಬರೀ ಹೊಟ್ಟೇಲಿ ಆ ಮಾತ್ರೆ ತಗೊಂಡ್ರೆ ಏನಾಗುತ್ತೆ ಅಂತ ದಿನಕ್ಕೆ ಹತ್ತು ಜನಕ್ಕೆ ಹೇಳೋಳು ನಾನು.” ದಿವ್ಯ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. “ಕೇಸ್ ಕೊಡೋಕೆ ಬಂದೋಳು ನಾನು ಮೇಡಂ. ಈಗ ನಾನೇ ಕೇಸಾ? ಓನರ್ ಇವತ್ತಿಂದ ಬರಬೇಡ ಅಂದ್ರು. ವಠಾರದಲ್ಲಿ ನಾನು ನಲ್ಲಿ ಹತ್ರ ಹೋದ್ರೆ ಉಳಿದೋರು ಕೊಡ ಎತ್ಕೊಂಡು ಹೋಗ್ತಾರೆ. ತಾಯಿ ತಿಂದೋಳು ಅಂತೆ.”

ಅವಳನ್ನು ಮನೆಗೆ ಕಳಿಸಿ ರಾಜಶ್ರೀ ವರದಿಯ ಎರಡನೇ ಹಾಳೆ ತೆಗೆದಳು. ಮೊದಲ ಹಾಳೆಯಲ್ಲಿ ವಿಷ ಸಿಕ್ಕಿದ ಮೇಲೆ ಯಾರೂ ಎರಡನೆಯದನ್ನು ಓದಿರಲಿಲ್ಲ. ಕೊನೆಯ ಸಾಲಿನಲ್ಲಿ ಒಂದು ಮಾತಿತ್ತು. ಬಾಟಲಿಯಲ್ಲಿ ಲಕ್ಕಿ ಎಲೆಯ ಸಾರವೂ ಇದೆ. ಅವಳು ಮಡಿವಾಳಕ್ಕೆ ಫೋನು ಮಾಡಿದಳು.

“ಎಲೆ ಎಷ್ಟಿದೆ ಸಾರ್?”

“ಕೇಂದ್ರದೋರು ಕೊಟ್ಟ ಮೇ ತಿಂಗಳ ಅಸಲಿ ಮಾದರಿಗೆ ಹೋಲಿಸಿದ್ರೆ ಹೆಚ್ಚುಕಡಿಮೆ ಅರ್ಧ ಮೇಡಂ.”

ಹುಸಿ ಬಾಟಲಿಗೆ ಎಲೆ ಎಲ್ಲಿಂದ ಬಂತು? ಮಗಳು ಮಾತ್ರೆ ಹಾಕಿರಬಹುದು. ಘಟಕದಲ್ಲಿ ಇಳಿಸಿದ ಸೊಪ್ಪಿನ ಸಾರವನ್ನು ಎಲ್ಲಿಂದ ತರುತ್ತಾಳೆ? ಅದೂ ಅಳೆದ ಹಾಗೆ ಅರ್ಧ. ಅಷ್ಟರಲ್ಲಿ ಸಾಹೇಬರ ಫೋನು ಮತ್ತೆ ಬಂತು. ರಾಜಶ್ರೀ ಅದಕ್ಕೆ ಸೊಪ್ಪು ಹಾಕಲಿಲ್ಲ.

ಸೆಪ್ಟೆಂಬರ್ ೬, ಶನಿವಾರ, ಮಧ್ಯಾಹ್ನ ಮೂರು. ವಠಾರದ ಒಗೆಯುವ ಕಲ್ಲಿನ ಮೇಲೆ ರಾಜಶ್ರೀ ಕೂತಳು. ಬಂದೋಬಸ್ತಿನಲ್ಲಿ ನಿಂತು ನಿಂತು ಅವಳ ಮೊಣಕಾಲೂ ಈಚೆಗೆ ಮಾತಾಡತೊಡಗಿತ್ತು. ಬಾಗಲಕೋಟೆ ಬಿಟ್ಟು ಹನ್ನೆರಡು ವರ್ಷವಾಗಿ ಅವಳ ನಾಲಿಗೆಯೂ ಖಾಕಿ ತೊಟ್ಟಿತ್ತು. ಅವತ್ತು ಅದನ್ನು ಕಳಚಿಟ್ಟಳು.

“ಯವ್ವಾ, ಒಂದ್ ತಂಬಿಗಿ ನೀರ್ ಕೊಡ.”

ಗೂಳಪ್ಪ ಕಣ್ಣರಳಿಸಿದ. ಅವನ ಬಳಿಯೂ ಇರದ ದನಿ ಅದು. ಕೆಂಚವ್ವ ಸ್ಟೀಲ್ ಲೋಟದಲ್ಲಿ ನೀರು ತಂದಳು. ತಾಮ್ರದ ಚೊಂಬು ರಾಜಶ್ರೀಯ ಪಕ್ಕದಲ್ಲೇ ಬೋರಲು ಬಿದ್ದಿತ್ತು.

“ತಂಬಿಗಿ ಇಲ್ಲೇ ಐತೆಲ್ಲ.”

“ಅದ್ರಾಗ ನೀರ್ ಕುಡಿಯಾಂಗಿಲ್ರೀ.”

“ಯಾಕ?”

“ಔಷಧ ಕಲಸೂ ತಂಬಿಗಿ ಅದು.”

ಹೇಳಿದ ಮೇಲೆ ಅವಳೇ ಬಾಯಿಗೆ ಸೆರಗು ಒತ್ತಿಕೊಂಡಳು. ರಾಜಶ್ರೀ ಚೊಂಬು ಎತ್ತಿ ನೋಡಿದಳು. ಒಳಗೆ ಕತ್ತಿನವರೆಗೂ ಹಸಿರು ಗೆರೆ. ಮೊದಲ ದಿನದ ಪಂಚನಾಮೆಯಲ್ಲಿ ಇದು ಸೇರಿರಲಿಲ್ಲ. ಕಣ್ಣಿಗೆ ಬಿದ್ದಿತ್ತು, ಸೇರಿಸಿರಲಿಲ್ಲ.

“ಏನ ಕಲಸ್ತಿದ್ರಿ? ಖರೇ ಹೇಳ.”

“ಮೊದಲನೇ ಬಾಟ್ಲಿ ಇಬ್ರಿಗೂ ಹತ್ತಲಿಲ್ರೀ. ಎರಡನೇದು ಕೊಟ್ಟ್ರು ನೋಡ್ರಿ, ಕಾರಹುಣ್ಣಿಮಿ ಆದ್ಮ್ಯಾಲ, ಹದಿನೈದ್ ದಿನದಾಗ ನನ್ ಬೆರಳ ಬಿಚ್ಚಿದ್ವು. ಸಪ್ಪಲವ್ವನ ಮಣಕಾಲ ಬಿಚ್ಚಲಿಲ್ಲ. ಆಕಿ ದಿನಾ ನನಗ ಸೊಪ್ಪು ಕೊಡಾಕಿ, ನಾ ಆಕಿಗಿ ರೊಟ್ಟಿ ಕೊಡಾಕಿ. ಔಷಧ ಒಂದ್ ಬಚ್ಚಿಟಗೊಂಡ್ ಕುಡೀಲೇನ್ರೀ? ಎರಡೂ ಬಾಟ್ಲಿ ತಂಬಿಗಿಗೆ ಸುರುವಿ, ಕಲಸಿ, ಮತ್ತ ಅರ್ಧಾ ಅರ್ಧಾ ತುಂಬಕೊಂಡ್ವಿ. ಆಮ್ಯಾಲ ಆಕಿ ಕಾಲೂ ಬಿಚ್ಚಿದ್ವು. ಮಾರ್ಕೆಟ್ಟಿಗಿ ನಡಕೋಂತ ಹ್ವಾದ್ಲು.”

“ಅವತ್ತ ಯಾಕ ಹೇಳಲಿಲ್ಲ?”

“ಹಂಚಗೊಂಡ್ರ ಕಾರ್ಡ್ ಕಸಗೋತೀವಿ ಅಂದಿದ್ರು.” ಕೆಂಚವ್ವ ನೆಲ ನೋಡಿದಳು. “ಆಕಿ ಸತ್ತ ದಿನದಿಂದ ಒಂದ ವಿಚಾರ್ರೀ. ನಾ ಕೊಟ್ಟಿದ್ದ ಕುಡುದು ಸತ್ಲೇನೋ ಅಂತ. ಆ ಹುಡುಗಿ ಮಾರಿ ನೋಡಾಕ ಆಗವಲ್ದು.”

“ಈಗೂ ಕುಡೀತಿಯೇನು?”

“ಹೂಂ ರೀ. ಹ್ವಾದ್ ವಾರ ಹೊಸಾ ಬಾಟ್ಲಿ ಕೊಟ್ಟಾರ. ಈಗ ಪೂರ್ತಿ ನನಗ.”

ರಾಜಶ್ರೀ ಎದ್ದಳು. ಕೆಂಚವ್ವನ ಮುಖವೂ ಆ ಫೋಟೊದ ಮುಖದ ಹಾಗೆ ದುಂಡಗಾಗಿದ್ದು ಅವಳಿಗೆ ಈಗ ಕಂಡಿತು.

ಚೊಂಬೂ ನಲವತ್ತೆರಡನೇ ಬಾಟಲಿಯೂ ಜಪ್ತಿಯಾದವು. ಕೆಂಚವ್ವ ಜೀಪಿನಲ್ಲೇ ಆಸ್ಪತ್ರೆಗೆ ಹೋದಳು. ಮುಖದ ಊತ ಸ್ಟೀರಾಯ್ಡಿನದು, ಅದನ್ನು ಏಕಾಏಕಿ ನಿಲ್ಲಿಸಿದರೆ ಜೀವಕ್ಕೇ ಸಂಚಕಾರ, ಇಳಿಸುತ್ತಾ ಇಳಿಸುತ್ತಾ ಬಿಡಿಸಬೇಕು ಎಂದರು ವೈದ್ಯರು. ಸಂಜೆ ಐದಕ್ಕೆ ರಾಜಶ್ರೀ ಸಮನ್ವಿತಾರ ಎದುರು ವರದಿಯ ಎರಡನೇ ಹಾಳೆ ಇಟ್ಟು, ಚೊಂಬಿನ ಕತೆ ಹೇಳಿದಳು.

ಸಮನ್ವಿತಾ ಎರಡು ಸಲ ಓದಿದರು. “ನಲವತ್ತೆರಡು ಅಸಲಿ ಇರಬೇಕು ಹಾಗಾದ್ರೆ.”

“ಲಕೋಟೆ ಒಡೀರಿ.”

ಒಡೆದರು. ಅಸಲಿ.

“ಮಾತ್ರೆ ಬಿದ್ದಿದ್ದು ಸಾರಕ್ಕಿಯಲ್ಲಲ್ಲ ಡಾಕ್ಟ್ರೇ. ನಿಮ್ಮಲ್ಲಿ. ಇನ್ನೂ ಐವತ್ತೊಂಬತ್ತು ಜನ ಅದನ್ನೇ ಕುಡೀತಿದ್ದಾರೆ.”

ಸಮನ್ವಿತಾ ಉಳಿದ ಲಕೋಟೆಗಳನ್ನೂ ಒಡೆಸಿ ಫೋನು ಎತ್ತಿಕೊಂಡರು. ಒಂಬತ್ತು ಗಂಟೆಯೊಳಗೆ ಐವತ್ತೊಂಬತ್ತು ಮನೆಗಳಿಗೂ ಕರೆ ಹೋಗಿತ್ತು. ಕೊನೆಯ ಕರೆ ಮುಗಿಸಿದಾಗ ಅವರ ದನಿ ಕೂತುಹೋಗಿತ್ತು.

ಕೇಂದ್ರದಲ್ಲಿ ಕಾದಿಟ್ಟ ಮಾದರಿಗಳನ್ನು ಪ್ರಯೋಗಾಲಯ ಐದು ದಿನದಲ್ಲಿ ನೋಡಿ ಹೇಳಿತು. ಮೇ ತಿಂಗಳ ಮೊದಲ ತಯಾರಿಕೆಯಲ್ಲಿ ಬರೀ ಸೊಪ್ಪು. ಜೂನ್ ೨೪ರ ಎರಡನೆಯದರಲ್ಲಿ ಸೊಪ್ಪು, ಸ್ಟೀರಾಯ್ಡ್, ನೋವಿನ ಮಾತ್ರೆ. ಎರಡಕ್ಕೂ ಒಂದೇ ಸಹಿ.

ಸೆಪ್ಟೆಂಬರ್ ೧೨, ಬೆಳಿಗ್ಗೆ ಎಂಟು ಹತ್ತು, ವಸಂತಪುರ. ಘಟಕದಲ್ಲಿ ಎಲ್ಲವೂ ಹೊಳೆಯುವ ಉಕ್ಕು. ಮೂಲೆಯಲ್ಲಿ ಒಂದು ಮಾತ್ರ ಕಪ್ಪು ಕಲ್ಲಿನ ಖಲ್ವ, ಹಳೇ ಕಾಲದ ವೈದ್ಯರು ಮದ್ದು ಅರೆಯುವಂಥದ್ದು. ಗೂಳಪ್ಪ ಅದರ ಗುಳಿಯಲ್ಲಿ ಬೆರಳಾಡಿಸಿ ರಾಜಶ್ರೀಗೆ ತೋರಿಸಿದ. ಬರೀ ಹಸಿರು ಸೊಪ್ಪು ಅರೆಯುವ ಜಾಗದಲ್ಲಿ ಬೆರಳಿಗೆ ಬಿಳಿ ಹಿಟ್ಟು ಮೆತ್ತಿತ್ತು.

“ಇದು ಯಾರದ್ದು?”

“ಅಪ್ಪನದು,” ಎಂದ ಸುಶ್ರುತ.

ಅವನ ಮೇಜಿನ ಖಾನೆಯಲ್ಲಿ ಖಾಸಗಿ ಲ್ಯಾಬೊಂದರ ವರದಿ ಸಿಕ್ಕಿತು. ದಿನಾಂಕ ಜೂನ್ ೯. ಮಾದರಿಯ ಹೆಸರು ಎಂಬಲ್ಲಿ ಒಂದೇ ಪದ: ಅಪ್ಪ. ಕೆಳಗೆ ಸಿಕ್ಕ ವಸ್ತುಗಳ ಪಟ್ಟಿ. ರಾಜಶ್ರೀ ಅದನ್ನು ಓದಿ ಸುಶ್ರುತನ ಮುಖ ನೋಡಿದಳು.

“ಇದು ನಿಮ್ಮ ಔಷಧಿಯದ್ದಲ್ಲ.”

“ಅಲ್ಲ.”

“ಪಂಡಿತರದ್ದಾ?”

“ಮನೇಲಿ ಅವರ ಕಡೇ ಬಾಟಲಿ ಒಂದಿತ್ತು. ಎರಡು ವರ್ಷದಿಂದ ದೇವರ ಮನೇಲಿ ಇಟ್ಟಿದ್ವಿ.” ಸುಶ್ರುತ ಖಲ್ವದ ಕಡೆ ನೋಡುತ್ತಾ ಹೇಳಿದ. “ಮೊದಲ ನಾಲ್ಕು ವಾರ ಆಯ್ತು ಮೇಡಂ. ಕಿಟಕೀಲಿ ಕೂತು ಕೇಳ್ತಿದ್ದೆ. ಒಬ್ರಿಗೂ ಗುಣ ಇಲ್ಲ. ಅವರದೇ ಗಿಡ, ಅವರದೇ ಅಳತೆ, ಅವರದೇ ಪಾಕ. ನನ್ನ ಕೈಯಲ್ಲಿ ಏನು ತಪ್ಪಿದೆ ಅಂತ ತಿಳ್ಕೊಳ್ಳೋಕೆ ಆ ಬಾಟಲಿ ಟೆಸ್ಟಿಗೆ ಕಳಿಸಿದೆ.”

“ಏನೂ ತಪ್ಪಿರಲಿಲ್ಲ.”

“ಏನೂ ತಪ್ಪಿರಲಿಲ್ಲ. ಮಾತ್ರೆ ಒಂದು ಬಿಟ್ಟು.”

ಗೂಳಪ್ಪ ಪಂಚನಾಮೆ ಬರೆಯುತ್ತಿದ್ದವನು ಪೆನ್ನು ಎತ್ತಿದ. ಮತ್ತೆ ಇಳಿಸಲಿಲ್ಲ.

“ಗಿಡ ಕೆಲಸ ಮಾಡಲ್ಲ ಅಂತ ಬರೆದುಕೊಡಬಹುದಿತ್ತು,” ಎಂದಳು ರಾಜಶ್ರೀ.

“ಬರೆದಿದ್ರೆ ಮುಂದಿನ ಪ್ರಶ್ನೆ ಅದೇ ತಾನೇ? ಹಾಗಾದ್ರೆ ನಲವತ್ತು ವರ್ಷ ಚಿಕ್ಕಲಸಂದ್ರದಲ್ಲಿ ಜನ ಎದ್ದು ನಡೆದಿದ್ದು ಹೆಂಗೆ?” ಅವನು ಮೊದಲ ಸಲ ಅವಳನ್ನು ನೇರ ನೋಡಿದ. “ನನಗೆ ಸುಶ್ರುತ ಅಂತ ಹೆಸರಿಟ್ಟೋರು ಮೇಡಂ ಅವರು. ದೀಪಾವಳಿಗೆ ಇವತ್ತಿಗೂ ಜನ ಬಂದು ಆ ಫೋಟೊಗೆ ಹಣೆ ಹಚ್ತಾರೆ.”

“ದಿವ್ಯಳ ಮೇಲೆ ಅನುಮಾನ ಬಂದಿದ್ದು ಗೊತ್ತಿತ್ತಾ?”

“ಐದನೇ ತಾರೀಕಿನ ಪೇಪರಲ್ಲಿ ಓದಿದೆ.”

“ಆಮೇಲೆ?”

“ಅವತ್ತೇ ಮೂರನೇ ತಯಾರಿಕೆ ಮಾಡಿದೆ.”

ಒಂಬತ್ತು ಮೂವತ್ತೈದಕ್ಕೆ ಬಂಧನ. ಕಲಂ ೧೦೫ರ ಜೊತೆಗೆ ಔಷಧಿಯ ಕಲಬೆರಕೆಗೆ ೨೭೬. ಪೊಲೀಸರ ಮುಂದೆ ಆಡಿದ ಮಾತು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ; ಖಲ್ವದ ಹಿಟ್ಟು, ಆ ವರದಿ, ಜೂನ್ ೨೪ರ ಸಹಿ ನಿಲ್ಲುತ್ತವೆ. ವಿಚಾರಣೆಯಲ್ಲಿ ಅವನು ಒಮ್ಮೆಯೂ ತನ್ನ ಪರವಾಗಿ ಏನನ್ನೂ ಕೇಳಲಿಲ್ಲ. ಆರೋಪಪಟ್ಟಿಯಲ್ಲಿ ತಂದೆಯ ಹೆಸರಿನ ಮುಂದೆ ಪಂಡಿತ ಎಂದು ಬರೆಯುತ್ತೀರಾ ಅಂತ ಮಾತ್ರ ಒಂದು ಸಲ ಕೇಳಿದ.

ಜೀಪಿನಲ್ಲಿ ಗೂಳಪ್ಪ ಯಾರ ದನಿಯನ್ನೂ ತೆಗೆಯಲಿಲ್ಲ. ಸಾರಕ್ಕಿ ಸಿಗ್ನಲ್ಲಿನಲ್ಲಿ ಕೆಂಪು ದೀಪಕ್ಕೆ ನಿಂತಾಗ, “ಆರು ವರ್ಷ ಮೇಡಂ,” ಎಂದ, ತನ್ನದೇ ದನಿಯಲ್ಲಿ. ಅದು ಹೇಗಿರುತ್ತದೆಂದು ರಾಜಶ್ರೀ ಅವತ್ತೇ ಕೇಳಿದ್ದು.

ಅಕ್ಟೋಬರ್ ೧೦ರಂದು ದಿವ್ಯ ಠಾಣೆಗೆ ಬಂದಳು. ಬನಶಂಕರಿಯ ಬೇರೆ ಮೆಡಿಕಲ್ ಸ್ಟೋರಿನಲ್ಲಿ ಕೆಲಸ ಸಿಕ್ಕಿತ್ತು. ಕೆಂಚವ್ವನ ತೋಳು ಹಿಡಿದುಕೊಂಡು ಬಂದಿದ್ದಳು. ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಡಲು ಕೆಂಚವ್ವನಿಗೆ ನೋಟಿಸು ಬಂದಿತ್ತು, ಮುಟ್ಟಿದ್ದಕ್ಕೆ ಸಹಿ ಬೇಕಿತ್ತು. ಮುಖದ ಊತ ಇಳಿದಿತ್ತು. ವೈದ್ಯರು ಮಾತ್ರೆಯನ್ನು ಪೂರ್ತಿ ಬಿಡಿಸಿ ವಾರವಾಗಿತ್ತು.

“ಆ ಚೊಂಬು ಯಾವಾಗ ಸಿಗುತ್ತೆ ಮೇಡಂ?” ಎಂದು ದಿವ್ಯ ಕೇಳಿದಳು. “ಇವರಿಗೆ ಬೇಕಂತೆ.”

“ಕೇಸ್ ಮುಗಿದ ಮೇಲೆ.”

“ಎಷ್ಟು ದಿನ ಆಗುತ್ತೆ?”

“ವರ್ಷಗಳಮ್ಮಾ.”

ಗೂಳಪ್ಪ ನೋಟಿಸಿನ ಪ್ರತಿ ಮುಂದಿಟ್ಟು ಪೆನ್ನಿನ ಮುಚ್ಚಳ ತೆಗೆದುಕೊಟ್ಟ. ಕೆಂಚವ್ವ ಅದನ್ನು ಹಿಡಿಯಲು ನೋಡಿದಳು. ಪೆನ್ನು ಜಾರಿ ಮೇಜಿನ ಮೇಲೆ ಉರುಳಿತು. ಇನ್ನೊಮ್ಮೆ ನೋಡಿದಳು. ಬೆರಳುಗಳು ಅರ್ಧಕ್ಕೆ ಬಂದು ನಿಂತವು.

“ಡಬ್ಬಿ ಕೊಡ್ರೀ,” ಎಂದಳು.

ಗೂಳಪ್ಪ ಮಸಿ ಡಬ್ಬಿ ತೆರೆದು, ಅವಳ ಹೆಬ್ಬೆರಳನ್ನು ತನ್ನ ಎರಡು ಬೆರಳಲ್ಲಿ ನೋಯದ ಹಾಗೆ ಹಿಡಿದು, ಕಾಗದದ ಮೇಲೆ ಎಡದಿಂದ ಬಲಕ್ಕೆ ನಿಧಾನವಾಗಿ ಹೊರಳಿಸಿದ.